ಗಣಿ ನಿಂತ ನೆಲ ಚಿಗುರುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ, ಕುಮಟಾ, ಭಟ್ಕಳದ ಹಳೇ ಚಿರೇಕಲ್ಲು (ಜಂಬಿಟ್ಟಿಗೆ) ಕ್ವಾರಿಗಳಲ್ಲಿ ಗಿಡ ನೆಟ್ಟವರು, ಜೋಯಿಡಾ ಕಡೆ ನಿಂತುಹೋದ ಮ್ಯಾಂಗನೀಸ್ ಗಣಿಯ ಪಕ್ಕದ ಊರಿನವರು, ಗ್ರಾಮ ಅರಣ್ಯ ಸಮಿತಿಯವರು, ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದುವ ಹುಡುಗರು ಕೇಳುತ್ತ ಬಂದ ಪ್ರಶ್ನೆಗಳಿವು. ನೆಡುವುದು ಹೇಗೆ ಎಂದು ಹೇಳಲು ಬೇಕಾದಷ್ಟು ಜನ ಇದ್ದಾರೆ. ನೆಟ್ಟ ಮೇಲೆ ಏನಾಯಿತು ಎಂದು ಲೆಕ್ಕ ಇಡುವ ವಿಷಯಕ್ಕಷ್ಟೇ ಇಲ್ಲಿ ಉತ್ತರ.

ನಮ್ಮ ಜಿಲ್ಲೆಯಲ್ಲಿ ಗಣಿ ಎಲ್ಲಿದೆ ಮಾರಾಯ್ರೆ? ಅದೆಲ್ಲ ಬಳ್ಳಾರಿಯದಲ್ಲವೇ?

ಅದಿರು ಅಂದರೆ ನಮ್ಮವರಿಗೆ ನೆನಪಾಗುವುದು ಅರಬೈಲು ಘಟ್ಟ ಇಳಿದು ಬೇಲೆಕೇರಿ, ಕಾರವಾರದ ಬಂದರಿಗೆ ಹೋಗುತ್ತಿದ್ದ ಲಾರಿಗಳ ಸಾಲು, ರಸ್ತೆ ಬದಿಯ ಮರಗಳ ಮೇಲೆ ಕೂತ ಕೆಂಪು ಧೂಳು. ಆ ಅದಿರು ಬಳ್ಳಾರಿ ಸೀಮೆಯದು, ನಿಜ. ಆದರೆ ಜೋಯಿಡಾ ತಾಲೂಕಿನ ಕಾಡಿನೊಳಗೆ ಮ್ಯಾಂಗನೀಸ್ ತೆಗೆದಿದ್ದಾರೆ. ಕರಾವಳಿಯ ಗುಡ್ಡಗಳಲ್ಲಿ ಮನೆಗೋಡೆಗೆಂದು ಚಿರೇಕಲ್ಲು ಕಡಿದ ಹೊಂಡಗಳಿಗೆ ಲೆಕ್ಕವಿಲ್ಲ. ಒಂದೊಂದೂ ಎರಡೆಕರೆ, ಮೂರೆಕರೆ. ದೊಡ್ಡ ಗಣಿಯಾದರೆ ಕಡತದಲ್ಲಾದರೂ ಇರುತ್ತದೆ. ಈ ಸಣ್ಣ ಹೊಂಡಗಳನ್ನು ನೋಡುವವರು ದನ ಕಾಯುವವರು ಮಾತ್ರ.

ಗಿಡ ನೆಟ್ಟಾಯಿತು, ಹಸಿರೂ ಕಾಣುತ್ತಿದೆ. ಇನ್ನು ಲೆಕ್ಕ ಇಡುವುದೇನು?

ನಾನೂ ಮೊದಲ ವರ್ಷ ಹೀಗೇ ಅಂದುಕೊಂಡಿದ್ದೆ. ಹೊನ್ನಾವರದ ಹತ್ತಿರದ ಒಂದು ಕ್ವಾರಿಗೆ ಚೌತಿ ಕಳೆದ ವಾರ ಹೋಗಿ ಅಳತೆ ಮಾಡಿದೆವು. ಹೊಂಡದ ತಳ, ಅಂಚು ಎಲ್ಲ ಮೊಣಕಾಲೆತ್ತರದ ಹಸಿರು. ಚೌಕ ಹಾಕಿ ನೋಡಿದರೆ ಮುಕ್ಕಾಲು ಪಾಲು ನೆಲ ಮುಚ್ಚಿಹೋಗಿತ್ತು. ಖುಷಿಯಿಂದ ವರದಿ ಬರೆದು ಕೊಟ್ಟೆವು. ಶಿವರಾತ್ರಿ ಮುಗಿದ ಮೇಲೆ ಬೇರೆ ಕೆಲಸಕ್ಕೆಂದು ಅದೇ ದಾರಿಯಲ್ಲಿ ಹೋದವನು ಇಣುಕಿ ನೋಡಿದೆ: ಬರೀ ಕೆಂಪು ನೆಲ. ಮಳೆಗೆ ಹುಟ್ಟಿ ದೀಪಾವಳಿ ಕಳೆದು ಒಣಗುವ ಹುಲ್ಲು, ಕಳೆಗಳನ್ನು ನಾವು ಕಾಡಿನ ಲೆಕ್ಕಕ್ಕೆ ಬರೆದಿದ್ದೆವು. ನೆಟ್ಟ ಗಿಡಗಳಲ್ಲಿ ಎಲೆ ಉಳಿಸಿಕೊಂಡವು ಬೆರಳೆಣಿಕೆಯಷ್ಟು.

ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಕರಾವಳಿಯಲ್ಲಿ ಆಗಸ್ಟ್ ತಿಂಗಳಲ್ಲಿ ಹಂಚಿನ ಮಾಡೂ ಹಸಿರೇ, ಗಡಿಕಲ್ಲೂ ಹಸಿರೇ. ಹಸಿರು ಕಂಡಿತು ಎಂಬುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಮಳೆ ನಿಂತು ಐದು ತಿಂಗಳಾದ ಮೇಲೂ ಏನು ಉಳಿದಿದೆ, ಮರದ ಬುಡದಲ್ಲಿ ಯಾರೂ ನೆಡದ ಸಸಿ ತಾನಾಗಿ ಹುಟ್ಟಿದೆಯೇ, ಅದು ಮುಂದಿನ ವರ್ಷವೂ ಇದೆಯೇ ಎಂಬುದಕ್ಕೆ ಲೆಕ್ಕ ಬೇಕು.

ಹಾಗಾದರೆ ಯಾವ ತಿಂಗಳು ಅಳೆಯಬೇಕು?

ವರ್ಷಕ್ಕೆ ಎರಡು ಸಲ. ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಒಮ್ಮೆ. ಆಗ ಹುಲ್ಲು, ಬಳ್ಳಿ, ಹೂ ಎಲ್ಲ ಇರುತ್ತದೆ, ಜಾತಿ ಗುರುತಿಸುವುದು ಸುಲಭ. ಮಾರ್ಚ್‌ನಲ್ಲಿ ಮತ್ತೊಮ್ಮೆ. ಒಂದೇ ಸಲ ಹೋಗಲು ಆಗುವುದಾದರೆ ಮಾರ್ಚ್. ಪ್ರತಿ ವರ್ಷ ಅದೇ ಹದಿನೈದು ದಿನದೊಳಗೆ ಹೋಗಬೇಕು. ಒಂದು ವರ್ಷ ಫೆಬ್ರವರಿಯಲ್ಲಿ, ಇನ್ನೊಂದು ವರ್ಷ ಮೊದಲ ಮಳೆ ಬಿದ್ದ ಮೇಲೆ ಹೋಗಿ ಎರಡನ್ನೂ ಹೋಲಿಸಿದರೆ ಅಳೆದದ್ದು ಮಳೆಯನ್ನು, ಗಿಡವನ್ನಲ್ಲ.

ದುಡ್ಡಿಲ್ಲ, ಯಂತ್ರವಿಲ್ಲ. ಮೊದಲ ದಿನ ಏನು ಮಾಡಬಹುದು?

ಫೋಟೋ ತೆಗೆಯಿರಿ. ಕ್ವಾರಿಯ ಸುತ್ತ ನಾಲ್ಕೈದು ಕಡೆ ನಿಲ್ಲುವ ಜಾಗ ಗೊತ್ತು ಮಾಡಿ, ಅಲ್ಲಿ ಒಂದು ಚಿರೇಕಲ್ಲು ಹುಗಿಯಿರಿ. ಪ್ರತಿ ಸಲ ಅದೇ ಕಲ್ಲಿನ ಮೇಲೆ ನಿಂತು, ಅದೇ ದಿಕ್ಕಿಗೆ, ಅದೇ ಎತ್ತರದಲ್ಲಿ ತೆಗೆಯಬೇಕು. ಚಿತ್ರದಲ್ಲಿ ಬದಲಾಗದ ಒಂದು ವಸ್ತು ಇರಲಿ: ಕ್ವಾರಿಯ ಗೋಡೆಯ ಮೂಲೆಯೋ, ದೂರದ ವಿದ್ಯುತ್ ಕಂಬವೋ. ನಾವು ಒಂದು ಕಡೆ ಗುರುತಿಗೆಂದು ಗೇರುಮರ ಆರಿಸಿಕೊಂಡು ಕೆಟ್ಟೆವು. ಮೂರನೇ ವರ್ಷ ಮರವೇ ಇರಲಿಲ್ಲ. ಬಣ್ಣದ ಗುರುತನ್ನಂತೂ ನಂಬಬೇಡಿ, ಎರಡು ಮಳೆಗಾಲಕ್ಕೆ ಪಾಚಿ ಹತ್ತಿ ಮಾಯ.

ಇನ್ನೊಂದು ಮಾತು. ಬರೆಯುವುದಕ್ಕೆ ಪೆನ್ನು ಬೇಡ, ಪೆನ್ಸಿಲ್ ಇರಲಿ. ಒಂದು ಜಡಿಮಳೆಗೆ ಪೆನ್ನಿನ ನಲವತ್ತು ಪುಟ ನೀಲಿ ನೀರಾದದ್ದನ್ನು ಕಂಡಿದ್ದೇನೆ.

ಚೌಕ ಹಾಕುವುದು ಅಂದರೇನು?

ಇಡೀ ಜಾಗದ ಗಿಡ ಎಣಿಸಲು ಆಗದ್ದರಿಂದ ಅಲ್ಲಲ್ಲಿ ತುಂಡು ಜಾಗ ಆರಿಸಿ ಅಲ್ಲಿರುವುದನ್ನೆಲ್ಲ ಎಣಿಸುವುದು. ಹುಲ್ಲು, ಸಣ್ಣ ಸಸಿಗೆ 1 ಮೀಟರ್ ಚೌಕ ಸಾಕು. ಪೊದೆಗೆ 5 ಮೀಟರ್, ಮರಕ್ಕೆ 10 ಅಥವಾ 20 ಮೀಟರ್. ದೊಡ್ಡದರೊಳಗೆ ಚಿಕ್ಕದನ್ನು ಇಟ್ಟರೆ ಓಡಾಟ ಕಡಿಮೆ. ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಟೇಪು ಸುತ್ತಿ ಬರೆದುಕೊಳ್ಳಬೇಕು. ಚೌಕ ಎಲ್ಲಿ ಬೀಳಬೇಕು ಎಂಬುದನ್ನು ಮೊದಲೇ ನಕಾಶೆಯ ಮೇಲೆ ಚೀಟಿ ಎತ್ತಿ ನಿರ್ಧರಿಸಿ. ಇಲ್ಲದಿದ್ದರೆ ಕಾಲು ತಾನಾಗಿ ನೆರಳಿದ್ದ ಕಡೆಗೇ ಹೋಗುತ್ತದೆ, ಮಾರ್ಚ್ ಬಿಸಿಲಲ್ಲಿ ಅದು ಯಾರ ತಪ್ಪೂ ಅಲ್ಲ.

ಒಂದು ಚೌಕದಲ್ಲಿ ಏನಿರುತ್ತದೆ ಎಂದು ಕುತೂಹಲವಿದ್ದರೆ, ಹೋದ ಸಲ ನನ್ನ ಮೊಣಕಾಲಿನ ಮುಂದಿದ್ದದ್ದನ್ನು ಹೇಳುತ್ತೇನೆ. ಒಣಗಿ ಕಪ್ಪಾಗಿ ಸಿಪ್ಪೆ ಎದ್ದ ಪಾಚಿ. ಬುಡ ಮಾತ್ರ ಉಳಿದ ಎರಡು ಕರಡ ಹುಲ್ಲಿನ ಗಡ್ಡೆ. ಕಿವಿಯ ಹಾಗೆ ಸುರುಳಿ ಸುತ್ತಿಕೊಂಡ ಅಕೇಶಿಯಾ ಕಾಯಿ, ಅದರಿಂದ ಕಿತ್ತಳೆ ಬಣ್ಣದ ದಾರಕ್ಕೆ ನೇತುಬಿದ್ದ ಕಪ್ಪು ಬೀಜ. ಇರುವೆ ಗೂಡಿನ ಬಾಯಿ. ಕಲ್ಲಿನ ಸೀಳಿನಲ್ಲಿ, ಎರಡು ಚಮಚೆಯಷ್ಟು ಮಣ್ಣು ಸೇರಿದ ಕಡೆ, ಬೆರಳುದ್ದದ ಒಂದು ಕವಳಿ ಸಸಿ, ಆಗಲೇ ಮುಳ್ಳು ಸಮೇತ. ಅದನ್ನು ಯಾರೂ ನೆಟ್ಟದ್ದಲ್ಲ. ಹಣ್ಣು ತಿಂದ ಪಿಕಳಾರವೋ ಮತ್ತೊಂದು ಹಕ್ಕಿಯೋ ಉದುರಿಸಿ ಹೋದದ್ದು. ನನ್ನ ಪುಸ್ತಕದಲ್ಲಿ ಆ ಚೌಕದ ಮುಖ್ಯ ಸಂಗತಿ ಅದೊಂದೇ.

ನೂರಕ್ಕೆ ತೊಂಬತ್ತು ಗಿಡ ಬದುಕಿವೆ ಎಂದು ಫಲಕ ಹಾಕಿದ್ದಾರೆ. ನಂಬಬಹುದೇ?

ಯಾವ ಗಿಡಗಳಲ್ಲಿ ನೂರಕ್ಕೆ ತೊಂಬತ್ತು ಎಂದು ಕೇಳಿ. ಎರಡು ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2500 ಗಿಡ, ಎಕರೆಗೆ ಸುಮಾರು ಸಾವಿರ. ಸಾವಿರದಲ್ಲಿ ಮೊದಲ ಬೇಸಿಗೆಗೆ 400 ಸತ್ತವು ಎನ್ನಿ. ಆ ಗುಂಡಿಗಳಿಗೆ ಮಳೆಗಾಲದಲ್ಲಿ ಹೊಸ ಸಸಿ ಇಟ್ಟು ಅಕ್ಟೋಬರ್‌ನಲ್ಲಿ ಎಣಿಸಿದರೆ 900 ಸಿಗಬಹುದು. ಲೆಕ್ಕ ಸುಳ್ಳಲ್ಲ, ಆದರೆ ಅದರಲ್ಲಿ ಬೇಸಿಗೆಯನ್ನೇ ಕಾಣದ ಗಿಡಗಳೂ ಸೇರಿವೆ. ಆದ್ದರಿಂದ ನೆಟ್ಟ ವರ್ಷಕ್ಕೊಂದು ಬೇರೆ ಗುರುತು ಇಟ್ಟು, ವರ್ಷವಾರು ಬೇರೆ ಬೇರೆಯಾಗಿ ಎಣಿಸಬೇಕು. ಅಲ್ಯೂಮಿನಿಯಂ ತಗಡಿನ ಚೀಟಿ ಕಟ್ಟಿದರೆ ಒಳ್ಳೆಯದು; ಮೊಳೆಯಲ್ಲಿ ಗೀಚಿ ಬರೆದ ಸಂಖ್ಯೆ ಹತ್ತು ಮಳೆಗಾಲ ತಡೆಯುತ್ತದೆ. ಮಂಗ ಕಿತ್ತರೆ ಮಾತ್ರ ಏನೂ ಮಾಡಲಾಗದು.

ಮನೆಯಲ್ಲೇ ಕೂತು ಉಪಗ್ರಹದ ಚಿತ್ರದಲ್ಲಿ ನೋಡಬಹುದಂತೆ, ಹೌದೇ?

ಹೌದು, ದುಡ್ಡೂ ಬೇಡ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳಲ್ಲಿ ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿತು. ಈ ಸರಣಿಯ ಜೋಡಿ ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದುಹೋಗುತ್ತವೆ. ಅವುಗಳ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಪಹಣಿ ಓದುವವರಿಗೆ ಇದನ್ನು ಸುಲಭವಾಗಿ ಹೇಳಬಹುದು: ಒಂದು ಗುಂಟೆ ಅಂದರೆ 101 ಚದರ ಮೀಟರ್, ಹಾಗಾಗಿ ಹೆಚ್ಚುಕಡಿಮೆ ಗುಂಟೆಗೊಂದು ಚುಕ್ಕಿ. ಎರಡೆಕರೆ ಕ್ವಾರಿಗೆ ಎಂಬತ್ತು ಚುಕ್ಕಿ ಸಿಗುತ್ತದೆ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನ ಚುಕ್ಕಿ 30 ಮೀಟರಿನದು, ಒಂಬತ್ತು ಗುಂಟೆಗೊಂದು. ಎರಡೆಕರೆಗೆ ಅದು ಸಾಲದು, ಆದರೆ 1972ರಿಂದಲೂ ಲ್ಯಾಂಡ್‌ಸ್ಯಾಟ್ ಸರಣಿಯ ಚಿತ್ರಗಳಿವೆ, 2008ರಿಂದ ಎಲ್ಲ ಉಚಿತ. ಜೋಯಿಡಾದಂಥ ಕಡೆ ಗಣಿ ಯಾವಾಗ ಎಷ್ಟು ಅಗಲವಾಯಿತು ಎಂದು ಹಿಂದಕ್ಕೆ ಹೋಗಿ ನೋಡಲು ಅದೇ ಗತಿ. ನಮ್ಮ ಇಸ್ರೋದ ಭುವನ್ ಜಾಲತಾಣದಲ್ಲೂ ಚಿತ್ರಗಳು ಸಿಗುತ್ತವೆ.

ಹಸಿರನ್ನು ಅಂಕಿಯಾಗಿಸಲು ಎಲ್ಲರೂ ಬಳಸುವುದು ಎನ್‌ಡಿವಿಐ ಎಂಬ ಸೂಚ್ಯಂಕ. ಜೀವಂತ ಎಲೆ ಬಿಸಿಲಿನ ಕೆಂಪು ಬೆಳಕನ್ನು ನುಂಗಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಸಾಕಷ್ಟು ಹಿಂದಕ್ಕೆ ಎಸೆಯುತ್ತದೆ. ಬರಿ ನೆಲ ಹಾಗೆ ಮಾಡುವುದಿಲ್ಲ. ಅವಗೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ −1ರಿಂದ +1ರ ನಡುವೆ ಒಂದು ಸಂಖ್ಯೆ ಬರುತ್ತದೆ. ಉದಾಹರಣೆಗೆ, ಎಲೆ ತುಂಬಿದ ಜಾಗದಲ್ಲಿ ಹಿಂದಕ್ಕೆ ಬಂದ ಬೆಳಕಿನ ಪಾಲು ಅವಗೆಂಪಿಗೆ 0.40, ಕೆಂಪಿಗೆ 0.05 ಇದ್ದರೆ 0.35ನ್ನು 0.45ರಿಂದ ಭಾಗಿಸಿ 0.78. ಬರಿ ಚಿರೇಕಲ್ಲಿನ ಮೇಲೆ 0.28 ಮತ್ತು 0.20 ಇದ್ದರೆ 0.17. ನೀರು ತುಂಬಿದ ಹೊಂಡಕ್ಕೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ. ಗಿಡ ವಿರಳವಾಗಿದ್ದು ನಡುವೆ ನೆಲ ಕಾಣುವ ಕಡೆ ಮಣ್ಣಿನ ಬಣ್ಣ ಈ ಲೆಕ್ಕವನ್ನು ಕೆಡಿಸುತ್ತದೆ. ಅದನ್ನು ಸರಿದೂಗಿಸಲು ಸಾವಿ (SAVI) ಎಂಬ ಸೂಚ್ಯಂಕ 1988ರಿಂದ ಬಳಕೆಯಲ್ಲಿದೆ. ಕೆಂಪುನೆಲದ ನಮ್ಮ ಕ್ವಾರಿಗೆ ಮೊದಮೊದಲ ವರ್ಷಗಳಲ್ಲಿ ಇದೇ ವಾಸಿ.

ಮಾರ್ಚ್ ತಿಂಗಳಲ್ಲೂ ಎನ್‌ಡಿವಿಐ 0.7 ಬಂತು! ಗೆದ್ದಂತೆಯೇ?

ನಿಲ್ಲಿ. ಇಲ್ಲಿಯೇ ಹೆಚ್ಚಿನವರು ಜಾರುವುದು. ನಮ್ಮ ಮತ್ತಿ, ಕಿಂದಳ, ಜಂಬೆ ಬೇಸಿಗೆಗೆ ಎಲೆ ಉದುರಿಸುತ್ತವೆ. ಅವು ಚೆನ್ನಾಗಿ ಬೆಳೆದ ಜಾಗದಲ್ಲಿ ಮಾರ್ಚ್ ಹೊತ್ತಿಗೆ ಅಂಕಿ ಇಳಿಯಬೇಕು, ಮಳೆ ಬಂದಾಗ ಏರಬೇಕು. ವರ್ಷವಿಡೀ ಅಲುಗಾಡದೆ ನಿಂತ ಅಂಕಿ ಅಂದರೆ ಒಂದೋ ನಿತ್ಯಹರಿದ್ವರ್ಣದ ಕಾಡು, ಇಲ್ಲವೇ ಅಕೇಶಿಯಾ ತೋಪು. ಹತ್ತು ವರ್ಷದ ಕ್ವಾರಿಯಲ್ಲಿ ಯಾವುದಿರಬಹುದು ಎಂದು ಹೇಳಲು ಉಪಗ್ರಹ ಬೇಕಿಲ್ಲ. ಚದುರಂಗಿ (ಲಂಟಾನ), ಕಮ್ಯುನಿಸ್ಟ್ ಗಿಡದಂಥ ಕಳೆ ತುಂಬಿದ ಜಾಗಕ್ಕೂ ಮಳೆಗಾಲದ ಕೊನೆಗೆ ಒಳ್ಳೆಯ ಅಂಕವೇ ಬೀಳುತ್ತದೆ. ಮೇಲಿನಿಂದ ನೋಡುವವನಿಗೆ ಎಷ್ಟು ಎಲೆ ಇದೆ ಎಂದು ತಿಳಿಯುತ್ತದೆ, ಯಾರ ಎಲೆ ಎಂದು ತಿಳಿಯುವುದಿಲ್ಲ. ವರ್ಷದ ಹನ್ನೆರಡೂ ತಿಂಗಳ ಏರಿಳಿತವನ್ನು ಗೆರೆಯಾಗಿ ಬರೆದು, ಪಕ್ಕದ ಹಳೇ ಕಾಡಿನ ಗೆರೆಯ ಜೊತೆ ಇಟ್ಟು ನೋಡಿದರೆ ಸ್ವಲ್ಪ ಸುಳಿವು ಸಿಗುತ್ತದೆ. ಆಮೇಲೂ ನಡೆದುಕೊಂಡು ಹೋಗಲೇಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರದಲ್ಲಿ ಬರೀ ಮೋಡ. ಏನು ಮಾಡುವುದು?

ಬಿಟ್ಟುಬಿಡಿ. ಸೆಂಟಿನೆಲ್-1 ಎಂಬ ರೇಡಾರ್ ಉಪಗ್ರಹ ಮೋಡದಾಚೆಗೂ ನೋಡುತ್ತದೆ, ಆದರೆ ಅದಕ್ಕೆ ಕಾಣುವುದು ಒರಟುತನ, ತೇವ; ಹಸಿರಲ್ಲ. ಅದನ್ನು ಓದಲು ಪಳಗಿದ ಕಣ್ಣು ಬೇಕು.

ಡ್ರೋನ್ ಹಾರಿಸಿದರೆ?

ಚಿತ್ರ ಚೆಂದ ಬರುತ್ತದೆ. ಕ್ವಾರಿಯ ಕಡಿದಾದ ಗೋಡೆಯ ಮೇಲೆ ಏನು ಬೆಳೆದಿದೆ ಎಂದು ನೋಡಲು ಉಪಯೋಗ. ಅನುಮತಿ ಕೇಳಿ ಹಾರಿಸಿ; ಕಾರವಾರದ ಸುತ್ತ ನೌಕಾನೆಲೆ, ಕೈಗಾ ಎರಡೂ ಇವೆ.

ಅಕೇಶಿಯಾ ಬೇಗ ಬರುತ್ತದೆ, ಸಾಯುವುದಿಲ್ಲ. ಅದನ್ನೇಕೆ ಎಲ್ಲರೂ ಬೈಯುತ್ತಾರೆ?

ನಾನು ಪೂರ್ತಿ ಬೈಯುವವನಲ್ಲ. ಬರಿ ಕಲ್ಲಿನ ಮೇಲೆ ನಿಲ್ಲುತ್ತದೆ, ಬೇರಿನ ಗಂಟುಗಳ ಬ್ಯಾಕ್ಟೀರಿಯಾದಿಂದ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ, ಊರಿಗೆ ಸೌದೆ ಕೊಡುತ್ತದೆ. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಮರ. ಅದರ ಎಲೆಯಂತೆ ಕಾಣುವುದು ನಿಜವಾಗಿ ಚಪ್ಪಟೆಯಾದ ತೊಟ್ಟು. ಗಟ್ಟಿ, ತೊಗಲಿನ ಹಾಗೆ, ಬೇಗ ಕೊಳೆಯುವುದಿಲ್ಲ. ಅದರ ದರಕು, ಅಂದರೆ ಉದುರಿದ ಒಣ ಎಲೆ, ದಪ್ಪ ಚಾಪೆಯಾಗಿ ಬಿದ್ದ ಕಡೆ ಸಣ್ಣ ಬೀಜ ಮಣ್ಣು ಮುಟ್ಟುವುದೇ ಕಷ್ಟ. ತೋಟಕ್ಕೆ ಸೊಪ್ಪಾಗಿಯೂ ಒದಗದು. ಒಂದೆಕರೆ ಅಡಿಕೆ ತೋಟಕ್ಕೆ ಒಂಬತ್ತೆಕರೆ ಸೊಪ್ಪಿನ ಬೆಟ್ಟ ಎಂದು ಲೆಕ್ಕ ಇಟ್ಟ ಶಿರಸಿ, ಸಿದ್ದಾಪುರದವರು ಅಕೇಶಿಯಾ ಬುಡಕ್ಕೆ ಕತ್ತಿ ಹಿಡಿದು ಹೋದದ್ದನ್ನು ನಾನು ನೋಡಿಲ್ಲ.

ಆದ್ದರಿಂದ ಪ್ರಶ್ನೆ ಅಕೇಶಿಯಾ ಇದೆಯೇ ಎಂಬುದಲ್ಲ, ಅದರಡಿಯಲ್ಲಿ ಏನಿದೆ ಎಂಬುದು. ಸಳ್ಳೆ, ನೇರಳೆ, ಕೇಪಳ, ಮುರುಗಲು ಸಸಿಗಳು ಇಣುಕುತ್ತಿದ್ದರೆ ಆ ತೋಪು ದಾದಿಯ ಕೆಲಸ ಮಾಡುತ್ತಿದೆ. ಅಡಿಯಲ್ಲೂ ಅಕೇಶಿಯಾ ಮರಿಗಳೇ ಆದರೆ ಅಲ್ಲಿ ಕಾಡು ಬರುತ್ತಿಲ್ಲ, ತೋಪು ಮರಿ ಹಾಕುತ್ತಿದೆ.

ಜಾತಿಗಳ ಬರೀ ಸಂಖ್ಯೆ ಹೇಗೆ ಮೋಸ ಮಾಡುತ್ತದೆ ನೋಡಿ. ಎರಡು ಜಾಗದಲ್ಲೂ ನೂರು ಗಿಡ, ಹತ್ತು ಜಾತಿ. ಒಂದರಲ್ಲಿ 91 ಅಕೇಶಿಯಾ, ಉಳಿದ ಒಂಬತ್ತು ಜಾತಿಗೆ ಒಂದೊಂದು ಗಿಡ. ಇನ್ನೊಂದರಲ್ಲಿ ಪ್ರತಿ ಜಾತಿಗೂ ಹತ್ತು ಹತ್ತು. ಗಿಡಗಳು ಜಾತಿಗಳ ನಡುವೆ ಎಷ್ಟು ಸಮವಾಗಿ ಹಂಚಿವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವ ಶಾನನ್ ಸೂಚ್ಯಂಕ ಹಾಕಿದರೆ ಮೊದಲನೆಯದಕ್ಕೆ 0.50, ಎರಡನೆಯದಕ್ಕೆ 2.30. ವರದಿಯಲ್ಲಿ ಜಾತಿಗಳ ಸಂಖ್ಯೆಯ ಪಕ್ಕ ಈ ಅಂಕಿಯನ್ನೂ ಕೇಳಿ.

ಯಾವುದಕ್ಕೆ ಹೋಲಿಸಬೇಕು?

ಗಣಿಯಾಗುವ ಮೊದಲು ಅಲ್ಲಿ ಏನಿತ್ತೋ ಅದಕ್ಕೆ. ಪಕ್ಕದಲ್ಲಿ ಕಡಿಯದ ಒಂದು ತುಂಡು ಗುಡ್ಡ ಉಳಿದಿದ್ದರೆ ಅಲ್ಲೂ ಚೌಕ ಹಾಕಿ, ಅದೇ ಅಳತೆಗೋಲು. ಮತ್ತೆ ಇದೊಂದು ಎಚ್ಚರಿಕೆ: ಎಲ್ಲ ಕಡೆ ಮರವೇ ಇರಬೇಕೆಂದಿಲ್ಲ. ಭಟ್ಕಳ, ಹೊನ್ನಾವರದ ಕಡೆಯ ಕಲ್ಲುಹಾಸಿನ ಬಯಲುಗಳು ಮೊದಲಿನಿಂದಲೂ ಹುಲ್ಲಿನವು. ಮಳೆ ಬಂತೆಂದರೆ ಅಂಗೈಯಗಲದ ನೀರಿನ ಗುಂಡಿಗಳಲ್ಲಿ ನೀಲಿ ಹೂವಿನ, ಹುಳ ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯಾ ಅರಳುತ್ತದೆ. ಅಲ್ಲಿ ಗುಂಡಿ ತೋಡಿ ಮರ ನೆಟ್ಟು ಹಸಿರಾಯಿತು ಎಂದರೆ ಇದ್ದದ್ದನ್ನೂ ಕಳೆದಂತೆ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಲ್ಲಿಯ ಸಹಜ ನೆಲವೂ ಹುಲ್ಲುಗುಡ್ಡ, ನಡುವೆ ಶೋಲಾ ಎಂಬ ಕಣಿವೆ ಕಾಡು.

ಮಣ್ಣು ಪರೀಕ್ಷೆ ಬೇಕೇ?

ಬೇಕು, ಎರಡು ಮೂರು ವರ್ಷಕ್ಕೊಮ್ಮೆ. ರಸಸಾರ (ಪಿಎಚ್, ಮಣ್ಣಿನ ಹುಳಿಯ ಅಳತೆ) ಮತ್ತು ಸಾವಯವ ಇಂಗಾಲ, ಇವೆರಡು ಮುಖ್ಯ. ಚಿರೇಮಣ್ಣಿನಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳು ರಂಜಕವನ್ನು ಬಿಗಿಯಾಗಿ ಹಿಡಿದಿಡುತ್ತವೆ. ಗೊಬ್ಬರ ಹಾಕಿದರೂ ಗಿಡಕ್ಕೆ ಸಿಗುವುದು ಅಷ್ಟಕ್ಕಷ್ಟೆ. ಮ್ಯಾಂಗನೀಸ್ ಗಣಿಯ ಮಣ್ಣುರಾಶಿಯಲ್ಲಿ ರಸಸಾರ 5.5ಕ್ಕಿಂತ ಕೆಳಗಿಳಿದರೆ ಮ್ಯಾಂಗನೀಸ್ ಹೆಚ್ಚು ಕರಗಿ ಗಿಡಕ್ಕೆ ನಂಜಾಗುತ್ತದೆ. ಹಳೆಯ ಎಲೆಗಳ ಮೇಲೆ ಕಂದು ಚುಕ್ಕಿ, ಎಳೆಯ ಎಲೆ ಮುರುಟುವುದು ಕಂಡರೆ ನೀರು ಸಾಲದು ಎಂದುಕೊಳ್ಳುವ ಮೊದಲು ಮಣ್ಣು ಕಳಿಸಿ. ಪ್ರಯೋಗಾಲಯಕ್ಕೆ ಹೋಗಲಾರದವರು ದರಕು ಸರಿಸಿ ನೋಡಿ: ಎರೆಹುಳದ ಹಿಕ್ಕೆ, ಗೆದ್ದಲಿನ ಮಣ್ಣು, ಬಿಳಿ ಬೂಷ್ಟಿನ ಎಳೆ ಇದ್ದರೆ ಒಳಗೆ ಕೆಲಸ ಶುರುವಾಗಿದೆ.

ಬೇಲಿ ಹಾಕಿದರೆ ದನದವರ ಜಗಳ, ಬಿಟ್ಟರೆ ಗಿಡ ಉಳಿಯುವುದಿಲ್ಲ.

ಬೇಲಿಯ ಒಳಗೊಂದು, ಹೊರಗೊಂದು ಚೌಕ ಇಡಿ. ಮೂರು ವರ್ಷದ ಅಂಕಿ ಕೈಯಲ್ಲಿದ್ದರೆ ಸಮಿತಿ ಸಭೆಯಲ್ಲಿ ಗಂಟಲು ಏರಿಸುವುದು ಕಡಿಮೆಯಾಗುತ್ತದೆ. ಕರಡ ಕೊಯ್ದುಕೊಂಡು ಹೋಗಲು ಬಿಟ್ಟರೆ ದನದವರಿಗೂ ಮೇವು, ಬೇಸಿಗೆಯ ಬೆಂಕಿಗೂ ಕಡಿವಾಣ. ಬೆಂಕಿ ಬಿದ್ದ ವರ್ಷವನ್ನು ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ, ಇಲ್ಲದಿದ್ದರೆ ಮುಂದೆ ಅಂಕಿ ಯಾಕೆ ಕುಸಿಯಿತು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಮಾರ್ಚ್‌ನಲ್ಲಿ ಹೋಗಿ ಅನ್ನುತ್ತೀರಿ. ಮಂಗನ ಕಾಯಿಲೆಯ ಕಾಲ ಅಲ್ಲವೇ ಅದು?

ಸರಿಯಾಗಿ ಕೇಳಿದಿರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಈ ಜ್ವರ ಸಿದ್ದಾಪುರ, ಹೊನ್ನಾವರದ ಕಡೆಯೂ ಕಾಣಿಸಿಕೊಳ್ಳುತ್ತ ಬಂದಿದೆ. ಉಣುಗಿನಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ. ದರಕಿನ ಮೇಲೆ ಕೂತು ಬರೆಯಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸುತ್ತಮುತ್ತ ಮಂಗ ಸತ್ತದ್ದು ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ವರ್ಷದ ಅಳತೆ ಬಿಡಿ.

ಹೊಂಡದಲ್ಲಿ ನೀರು ನಿಂತಿದೆ. ಮುಚ್ಚಬೇಕೇ?

ಮಕ್ಕಳು ಈಜಲು ಇಳಿಯುವ ಜಾಗವಾದರೆ ಮೊದಲು ಬೇಲಿ, ಆಮೇಲೆ ಉಳಿದ ಮಾತು. ನೇರ ಗೋಡೆಯ ಹೊಂಡದಲ್ಲಿ ಹತ್ತಿ ಬರಲು ಹಿಡಿತವೇ ಇರುವುದಿಲ್ಲ. ಒಂದು ಬದಿಯನ್ನು ಇಳಿಜಾರು ಮಾಡಿಸಿದರೆ ಜೀವವೂ ಉಳಿಯುತ್ತದೆ, ಅಂಚಿನಲ್ಲಿ ಜೊಂಡೂ ಬರುತ್ತದೆ.

ಗಣಿಯವರೇ ಹಸಿರು ತರಬೇಕೆಂಬ ಕಾನೂನು ಇಲ್ಲವೇ?

ಇದೆ. ದೊಡ್ಡ ಖನಿಜಗಳ ಗಣಿಗೆ 2003ರಿಂದ ಗಣಿ ಮುಚ್ಚುವ ಯೋಜನೆ ಕಡ್ಡಾಯ. ಗಣಿ ತೋಡಿದ ನೆಲದಲ್ಲಿ ಮತ್ತೆ ಹುಲ್ಲು, ಮೇವು ಬೆಳೆಯುವಂತೆ ಮಾಡುವ ಷರತ್ತು ಹಾಕಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ಹೇಳಿದೆ. ಚಿರೇಕಲ್ಲು ಉಪಖನಿಜ, 1994ರ ರಾಜ್ಯ ನಿಯಮಗಳಡಿ ಬರುತ್ತದೆ. ಐದು ಹೆಕ್ಟೇರಿಗಿಂತ ಕಡಿಮೆಯಾದರೂ ಪರಿಸರ ಅನುಮತಿ ಬೇಕೆಂದು ಅದೇ ಕೋರ್ಟ್ 2012ರ ಫೆಬ್ರವರಿಯಲ್ಲಿ ಹೇಳಿತು. ಅನುಮತಿ ಪಡೆದವರು ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ಆ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ಅದರಲ್ಲಿರುವ ಫೋಟೋ ಯಾವ ತಿಂಗಳದ್ದು ಎಂದು ಮೊದಲು ನೋಡಿ.

ಎಷ್ಟು ವರ್ಷ ಹೀಗೆ ಎಣಿಸುತ್ತಿರಬೇಕು?

ಮೊದಲ ಐದು ವರ್ಷ ತಪ್ಪದೆ. ಆಮೇಲೆ ಎರಡು ವರ್ಷಕ್ಕೊಮ್ಮೆ ಆದೀತು. ಹುಲ್ಲು ಎರಡು ವರ್ಷದಲ್ಲಿ ಬರುತ್ತದೆ, ಪೊದೆ ಐದಾರು ವರ್ಷಕ್ಕೆ. ಸಹಜ ಕಾಡಿನ ಹತ್ತಿರಕ್ಕೆ ಬರಲು ನಮ್ಮ ಆಯುಷ್ಯ ಸಾಲದು. ಹಾಗಾಗಿ ಪುಸ್ತಕ ಒಬ್ಬರ ಮನೆಯಲ್ಲಿ ಉಳಿಯಬಾರದು. ಒಂದು ಪ್ರತಿ ಶಾಲೆಯಲ್ಲಿ, ಒಂದು ಸಮಿತಿಯಲ್ಲಿ ಇರಲಿ.

ನಮಗೆ ಗಿಡಗಳ ಹೆಸರು ಗೊತ್ತಿಲ್ಲ. ಆಗುತ್ತದೆಯೇ?

ಆಗುತ್ತದೆ. ಗೊತ್ತಿಲ್ಲದ್ದಕ್ಕೆ ‘ಗುರುತು 1’, ‘ಗುರುತು 2’ ಎಂದು ಬರೆದು, ಒಂದು ರೆಂಬೆಯನ್ನು ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿಡಿ. ಆಮೇಲೆ ಶಿರಸಿಯ ಅರಣ್ಯ ಕಾಲೇಜಿನಲ್ಲಿ ತೋರಿಸಬಹುದು. ಅದಕ್ಕೂ ಮೊದಲು ಊರಲ್ಲಿ ದರಕು ಗುಡಿಸಲು ಹೋಗುವ ಹೆಂಗಸರನ್ನು ಕೇಳಿ. ನಮ್ಮ ಪುಸ್ತಕದಲ್ಲಿ ಎರಡು ವರ್ಷ ‘ಗುರುತು 7’ ಆಗಿದ್ದ ಸಸಿಯನ್ನು ಒಬ್ಬ ಅಜ್ಜಿ ಚಿವುಟಿ, ಎಲೆಯನ್ನು ಹಲ್ಲಿನಲ್ಲಿ ಕಡಿದು, “ಹುಳಿ ಅಲ್ದಾ ತಮಾ, ಮುರುಗಲು” ಅಂದರು. ಕ್ವಾರಿಯ ಉತ್ತರದ ಗೋಡೆ ಬುಡದಲ್ಲಿ ಅವು ಈಗ ಹನ್ನೊಂದು ಇವೆ.